ನಾಲ್ಕೂ ಚಕ್ರ

"ಇನ್ನೊಂದು ಗೇಣು ಎತ್ತಿ... ಹಾಂ, ಈಗ ಒಳಕ್ಕೆ ತಳ್ಳಿ!" ಚಿಕ್ಕಪ್ಪ ಏದುಸಿರು ಬಿಡುತ್ತ ಕೂಗಿದ.

ಶವಪೆಟ್ಟಿಗೆ ಜೀಪಿನ ಹಿಂಬಾಗಿಲ ಅಂಚಿಗೆ ತಾಗಿ ನಿಂತುಬಿಟ್ಟಿತ್ತು. ಕಲ್ಲುಗುಡ್ಡ ಹತ್ತಲೆಂದು, ಗ್ಯಾರೇಜು ನಡೆಸುತ್ತಿದ್ದ ಮೇಸ್ತ್ರಿಯೇ ಈ ಜೀಪನ್ನು ಅಷ್ಟೆತ್ತರ ಮಾಡಿಟ್ಟಿದ್ದ. ಈಗ ಅವನನ್ನು ಅದಕ್ಕೆ ಏರಿಸಲು ನಾಲ್ವರು ಸಾಲದಾಗಿದ್ದರು.

"ಬದುಕಿದ್ದಾಗ್ಲೂ ಸುಲಭಕ್ಕೆ ಕೈಗೆ ಸಿಕ್ಕೋನಲ್ಲ ನಮ್ಮಣ್ಣ."

ಯಾರೋ ನಕ್ಕು, ಕೆಮ್ಮಿ ಮುಚ್ಚಿಕೊಂಡರು. ಮೇಸ್ತ್ರಿಯ ಮಗಳು ಬಂದು ಹೆಗಲು ಕೊಟ್ಟ ಮೇಲೆ ಪೆಟ್ಟಿಗೆ ಒಳಗೆ ಜಾರಿತು. ಅವಳ ತಮ್ಮ ಆಗಲೇ ಸ್ಟೇರಿಂಗ್ ಹಿಡಿದು ಕೂತಿದ್ದ.

ಹಳೆಯ ಗಿರಾಕಿ ಕಂಟ್ರಾಕ್ಟರ್, ಸ್ಟೇರಿಂಗ್ ಎಂದೂ ಮುಟ್ಟದೆ ಗುಡ್ಡ ಹತ್ತುವಾಗಲೂ ಹಿಂದಿನ ಸೀಟಲ್ಲೇ ಕೂರುವ ಆಸಾಮಿ, ಬಂದು ತಮ್ಮನ ಭುಜ ತಟ್ಟಿದ. "ಎದೆಗುಂದಬೇಡಪ್ಪಾ. ಆಕ್ಸಲ್‌ ಗೇರು ಕೂರಿಸೋ ಕೈ ನಿಂದು ಅಂತ ನಿಮ್ಮಪ್ಪನೇ ಹೇಳ್ತಿದ್ರು. ನನ್ನ ಮೂರೂ ಗಾಡಿ ಕೆಲಸ ಇನ್ನು ನಿಂಗೇ."

ತಮ್ಮ ತಲೆ ತಗ್ಗಿಸಿದ. ಅಕ್ಕನ ಕಡೆ ಮಾತ್ರ ನೋಡಲಿಲ್ಲ.

ಅವಳು ಚಿಕ್ಕಪ್ಪನನ್ನು ಪಕ್ಕಕ್ಕೆ ಕರೆದಳು. "ನಿಮಗೆ ನಿಜ ಗೊತ್ತಲ್ವಾ? ಒಂದು ಮಾತು ಹೇಳಿಬಿಡಿ."

"ಗೊತ್ತಮ್ಮ. ಹೆಣ ಮುಂದಿಟ್ಕೊಂಡು ಅಣ್ಣನ್ನ ಸುಳ್ಳುಗಾರ ಮಾಡ್ಲಾ?"

*

ಹನ್ನೊಂದು ವರ್ಷದ ಹಿಂದೆ ಮೇಸ್ತ್ರಿಯ ಕಣ್ಣು ಮಂಜಾಯಿತು. ದೊಡ್ಡ ಟೈರು ಹಾಕಿದ ಗಾಡಿ ಗುಡ್ಡ ಎಳೆಯಬೇಕಾದರೆ ಹಿಂದೆ ಮುಂದೆ ಚಕ್ರ ತಿರುಗಿಸುವ ಎರಡೂ ಆಕ್ಸಲ್ಲಿನ ಗೇರು ಬದಲಿಸಬೇಕು. ಗೇರಿನ ಹಲ್ಲಿಗೆ ಹಳದಿ ಬಣ್ಣ ಬಳಿದು, ತಿರುಗಿಸಿ, ಹಲ್ಲು ಹಲ್ಲಿಗೆ ತಾಗಿದ ಗುರುತು ಎಲ್ಲಿ ಬಿತ್ತೆಂದು ನೋಡಬೇಕು. ಕೂದಲೆಳೆಯಷ್ಟು ತಪ್ಪಿದರೂ ಇಂದಲ್ಲ ನಾಳೆ ಹಲ್ಲು ಮುರಿಯುತ್ತದೆ. ಅಪ್ಪ ತಡಕಾಡುವುದನ್ನು ಕಂಡು ಮಗಳು ಟಾರ್ಚು ಹಿಡಿದಳು. ಟಾರ್ಚು ಹಿಡಿದವಳು ಸ್ಪ್ಯಾನರ್ ಹಿಡಿದಳು. ವರ್ಷ ತುಂಬುವುದರೊಳಗೆ ಪೂರಾ ಕೆಲಸ ಅವಳದೇ ಆಯಿತು.

"ಗುರುತು ನಡುವಿಗೆ ಬಂತಾ?"

"ಬಂತಪ್ಪ."

"ದೇವರಾಣೆ?"

"ನಿನ್ನಾಣೆ."

ಒಂದು ದಿನ ಅಪ್ಪ ಗಿರಾಕಿಗೆ ಹೇಳುವುದು ಕೇಳಿಸಿತು: "ಇದು ನನ್ನ ಮಗನ ಕೈಚಳಕ." ಮಗ ಆಗ ಇಸ್ತ್ರಿ ಅಂಗಿ ತೊಟ್ಟು ಮುಂದಿನ ಕೋಣೆಯಲ್ಲಿ ಫೋನು ಎತ್ತುತ್ತಿದ್ದ. ಗಾಡಿಯಲ್ಲಿ ಅವನಿಗೆ ಚೆನ್ನಾಗಿ ಗೊತ್ತಿದ್ದದ್ದು ಹಾರ್ನು ಒಂದೇ.

"ಯಾಕಪ್ಪಾ ಹಾಗಂದೆ?"

"ಹೆಣ್ಣು ಕೂರಿಸಿದ ಗೇರು ಅಂದ್ರೆ ಯಾರು ನಂಬಿ ಗುಡ್ಡ ಹತ್ತಿಸ್ತಾರೆ? ಕೆಲಸ ನಿಂದು, ಹೆಸರು ಅವಂದು. ಮನೆ ಒಂದೇ ಅಲ್ವೇನೇ?"

ನುಂಗಿಕೊಂಡಳು. ಎಂದಾದರೊಂದು ದಿನ ಅಪ್ಪನೇ ನಿಜ ಹೇಳುತ್ತಾನೆಂದು ಕಾದಳು. ಮೊನ್ನೆ ಎದೆನೋವಿನಲ್ಲಿ ಹೋದವನು ಅದನ್ನೂ ಜೊತೆಗೇ ಒಯ್ದ. ಅವಳಿಗೆ ಅಳುವಿಗಿಂತ ಮೊದಲು ಸಿಟ್ಟು ಬಂತು. ಸತ್ತವನ ಮೇಲೆ ಸಿಟ್ಟಾಗುವಷ್ಟು ದಂಡದ ಕೆಲಸ ಇನ್ನೊಂದಿಲ್ಲ.

*

ಸ್ಮಶಾನದ ಏರಿನಲ್ಲಿ ಜೀಪು ಕೆಸರಿನಲ್ಲಿ ಹೂತುಹೋಯಿತು. ತಮ್ಮ ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ಫೋರ್‌ವೀಲ್ ಲಿವರ್ ಎಳೆದ. ಹಿಂಚಕ್ರಗಳು ಇದ್ದಲ್ಲೇ ಗರಗರ ತಿರುಗಿದವು, ಮುಂಚಕ್ರಗಳು ತೆಪ್ಪಗಿದ್ದವು. ಮತ್ತೆ ಎಳೆದ. ನಡೆದು ಬರುತ್ತಿದ್ದ ಜನವೆಲ್ಲ ಸುತ್ತ ನಿಂತಿತು.

"ಅಕ್ಕಾ..." ಅವನು ಬಾಯೊಳಗೇ ಕರೆದ.

ಅವಳು ಹಿಂದೆ, ಪೆಟ್ಟಿಗೆಯ ಪಕ್ಕ ಕೂತಿದ್ದಳು. ಹಾಗೇ ಸುಮ್ಮನೆ ಕೂತಿದ್ದರೆ ಸಾಕಿತ್ತು. ಇಷ್ಟು ವರ್ಷದ ಸುಳ್ಳು ಎಲ್ಲರ ಕಣ್ಣೆದುರು ಬಯಲಾಗುತ್ತಿತ್ತು. ಆದರೆ ಗಾಡಿ ಕುಲುಕಿದಾಗಲೆಲ್ಲ ಪೆಟ್ಟಿಗೆ ಜಾರಿ ಹಿಂಬಾಗಿಲಿಗೆ ದಡ್ಡೆಂದು ಬಡಿಯುತ್ತಿತ್ತು. ಒಳಗಿದ್ದವನು ಅಪ್ಪ.

ಇಳಿದಳು. ಕೆಸರಿನಲ್ಲಿ ಮಂಡಿಯೂರಿ ಮೊದಲು ಒಂದು, ಆಮೇಲೆ ಇನ್ನೊಂದು ಮುಂಚಕ್ರದ ನಟ್ಟನಡುವಿನ ಲಾಕು ತಿರುಗಿಸಿದಳು. ಅದನ್ನು ತಿರುಗಿಸದೆ ಲಿವರ್ ಎಷ್ಟು ಎಳೆದರೂ ಮುಂಚಕ್ರಕ್ಕೆ ಶಕ್ತಿ ಹೋಗದು.

"ಪಾಪ, ಚಕ್ರದ ಕೆಸರು ಒರೆಸ್ತಿದಾಳೆ," ಎಂದ ಕಂಟ್ರಾಕ್ಟರ್.

ಅವಳು ತಮ್ಮನ ಕಿಟಕಿಗೆ ಬಾಗಿ ಮೆಲ್ಲಗೆ ಹೇಳಿದಳು. "ಈಗ ಬಿಡು. ನಡುವೆ ಎಲ್ಲೂ ನಿಲ್ಲಿಸ್ಬೇಡ, ನಿಂತ್ರೆ ಮತ್ತೆ ಹೂತೋಗುತ್ತೆ."

ನಾಲ್ಕೂ ಚಕ್ರ ನೆಲವನ್ನು ಗಟ್ಟಿಯಾಗಿ ಕಚ್ಚಿ ಹಿಡಿದವು. ಜೀಪು ಒಂದೇ ಉಸಿರಿಗೆ ಏರಿತು.

"ನೋಡ್ರಪ್ಪಾ, ಅಪ್ಪನ ಕೈ ಮಗನಿಗೆ ಬಂದಿದೆ!" ಕಂಟ್ರಾಕ್ಟರ್ ಕೂಗಿದ.

ತಮ್ಮ ನಿಲ್ಲಿಸಲಿಲ್ಲ. ಜೀಪು ಏರಿನ ತುದಿ ದಾಟಿ ಮರೆಯಾಯಿತು, ಜನವೂ ಅದರ ಬೆನ್ನಿಗೆ ಓಡಿತು. ಮಗಳು ದಾರಿಯ ನಡುವೆ ಒಬ್ಬಳೇ ಉಳಿದಳು, ತಲೆಯಿಂದ ಕಾಲಿನವರೆಗೆ ಚಕ್ರ ಚಿಮ್ಮಿಸಿದ ಕೆಸರು. ಕಣ್ಣು ಒರೆಸಿಕೊಳ್ಳಲು ಹೋದರೆ ಕೈಯೂ ಕೆಸರೇ.