ಬಾಗಿಲು ತೆರೆದವಳು

ಮಾನಸಿಕ ಕಾಯಿಲೆಯಿರುವವರ ಮನೆಗೆ ಸ್ವಯಂಸೇವಕಿಯಾಗಿ ನನ್ನ ಮೊದಲ ಭೇಟಿ ಕತ್ರಿಗುಪ್ಪೆಯ ಶಿವಬಸಮ್ಮನವರಲ್ಲಿಗೆ. ಅವರ ಕಿರಿಮಗಳು ಸಿರಿ ಆಸ್ಪತ್ರೆಯಿಂದ ಬಂದ ಮೇಲೆ ಹೊರಗಿನವರೆದುರು ಕೋಣೆ ಬಿಟ್ಟು ಬರುತ್ತಿರಲಿಲ್ಲ. ಒಂದು ಸಲವಾದರೂ ಬರಲಿ ಎಂಬುದೇ ಆ ತಾಯಿಯ ಆಸೆ.

ತಲೆ ಕೆದರಿದ, ನೈಟಿ ತೊಟ್ಟ ಹುಡುಗಿಯೊಬ್ಬಳು ಬಾಗಿಲು ತೆರೆದಳು. ಸಿರಿಯೇ ಬಂದಳಲ್ಲ ಎಂದು ನನಗೆ ಖುಷಿಯಾಯಿತು. ಒಳಗೆ ಕೂತು ಮೆಲ್ಲಗೆ ಕೇಳಿದೆ: "ಕಿವಿಯಲ್ಲಿ ಯಾರಾದ್ರೂ ಮಾತಾಡಿದ ಹಾಗಾಗುತ್ತಾ?"

"ಹೂಂ ಮೇಡಂ, ಅಮ್ಮ. ತಲೆ ಬಾಚ್ಕೋ ಅಂತ ಬೆಳಗ್ಗೆಯಿಂದ ಬೈತಾನೇ ಇದ್ದಾರೆ."

ಕೋಣೆಯೊಳಗಿಂದ ಜೋರು ನಗು ಕೇಳಿಸಿತು. ನೀಟಾಗಿ ಜಡೆ ಹಾಕಿದ್ದ ಇನ್ನೊಬ್ಬಳು ಹೊರಗೆ ಬಂದಳು.

"ಅಯ್ಯೋ ಮೇಡಂ, ಅವಳು ನಮ್ಮಕ್ಕ! ಪೇಷಂಟ್ ನಾನು!"

ಕಾಫಿ ತರುತ್ತಿದ್ದ ಶಿವಬಸಮ್ಮ ಅಲ್ಲೇ ನಿಂತುಬಿಟ್ಟರು. ಸಿರಿ ನನ್ನ ಪಕ್ಕದಲ್ಲಿ ಕೂತು, "ಈಗ ನನ್ನನ್ನ ಕೇಳಿ," ಎಂದಳು.