ಹವಳದ ತುಂಡಿನ ಪಾಲು

ಬೆಳಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಡಿಎನ್‌ಎ ವರದಿ ಇವತ್ತು ಬರಬೇಕು. ಅದು ನಮ್ಮ ಕಡೆಗಿದ್ದರೆ, ಹವಳದ ಕಲ್ಲನ್ನು ಕೊರೆದು ಅದರೊಳಗೇ ಬದುಕುವ ಒಂದು ಸ್ಪಂಜಿಗೆ ನಮ್ಮ ಸತ್ಯವತಿ ಮೇಡಂ ಹೆಸರು. ಇಲ್ಲದಿದ್ದರೆ, ಹೋಗಿ ಅವರಿಗೆ ಹೇಳಬೇಕಾದವಳು ನಾನು.

ಹೆಬ್ಬಾಳದಲ್ಲಿ ಕೂತು ಸಮುದ್ರದ ಸ್ಪಂಜು ನೋಡುತ್ತೇವೆ ಎಂದರೆ ಆಟೋದವರೂ ನಗುತ್ತಾರೆ. ನಗಲಿ. ಲಕ್ಷದ್ವೀಪದಿಂದ ಹವಳದ ತುಂಡುಗಳು ಸ್ಪಿರಿಟ್ ತುಂಬಿದ ಡಬ್ಬಿಗಳಲ್ಲಿ ನಮ್ಮ ಲ್ಯಾಬಿಗೆ ಬರುತ್ತವೆ. ಬಂದದ್ದನ್ನು ಎರಡು ಪಾಲು ಮಾಡುವುದು ನಮ್ಮ ಪದ್ಧತಿ. "ಅರ್ಧ ನನಗೆ, ಅರ್ಧ ನಿಂಗೆ," ಎನ್ನುತ್ತಾರೆ ಮೇಡಂ. ಅವರು ತಮ್ಮ ಪಾಲಿನ ಸ್ಪಂಜನ್ನು ಆಸಿಡ್‌ನಲ್ಲಿ ಕರಗಿಸಿ, ಉಳಿಯುವ ಗಾಜಿನಂಥ ಸಣ್ಣ ಸೂಜಿಗಳನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ಜಾತಿ ಹೇಳುತ್ತಾರೆ. ನಾನು ನನ್ನ ಪಾಲನ್ನು ಅರೆದು ಡಿಎನ್‌ಎ ತೆಗೆಯುತ್ತೇನೆ. ಎರಡೂ ತಾಳೆಯಾದರೆ ಜಾತಿ ಖಾತ್ರಿ.

ಈಚೆಗೆ ಬಂದ ಒಂದು ತುಂಡಿನಲ್ಲಿ ತಾಳೆಯಾಗಲಿಲ್ಲ. "ಸೂಜಿ ನೋಡಿದ್ರೆ ಹಳೇ ಜಾತೀನೇ ಕಣೇ," ಎಂದರು ಮೇಡಂ. ನನ್ನ ಡಿಎನ್‌ಎ ಮಾತ್ರ ಗೊತ್ತಿರುವ ಯಾವ ಸ್ಪಂಜಿಗೂ ಹೊಂದಲಿಲ್ಲ. ನೋಡಲು ಒಂದೇ ಥರ ಇದ್ದರೂ ಜಾತಿ ಬೇರೆಯಾಗಿರುವುದು ಸ್ಪಂಜುಗಳಲ್ಲಿ ಮಾಮೂಲು ಎಂದು ನಾನು ವಾದಕ್ಕೆ ನಿಂತೆ. ಜೀವಮಾನವೆಲ್ಲ ಬೇರೆಯವರ ಹೆಸರು ಹೊತ್ತ ಜೀವಿಗಳನ್ನೇ ಗುರುತಿಸಿದ ಹೆಂಗಸು ಈ ತಿಂಗಳು ನಿವೃತ್ತರಾಗುತ್ತಾರೆ. ಅವರಿಗೂ ಒಂದು ಹೆಸರು ದಕ್ಕಲಿ ಎಂಬ ಹಟ ನನಗೆ. ಕೊನೆಗೆ ಅವರೂ ಒಪ್ಪಿದರು. ಒಪ್ಪಿದ್ದಷ್ಟೇ ಅಲ್ಲ, ನೆಂಟರಿಷ್ಟರಿಗೆಲ್ಲ ಹೇಳಿಕೊಂಡು ಬಂದರು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದವರು ನಾವಿಬ್ಬರೂ.

ಹೊಸ ಜಾತಿ ಎಂದು ನಾವು ವಿಜ್ಞಾನ ಪತ್ರಿಕೆಗೆ ಕಳಿಸಿದ ಲೇಖನ ಪರಿಶೀಲಿಸಿದ ಪುಣ್ಯಾತ್ಮರೊಬ್ಬರು ಕೇಳಿದ್ದು ಒಂದೇ: ಸೂಜಿ ಸಿಕ್ಕ ಪಾಲಿನಿಂದಲೇ ಡಿಎನ್‌ಎ ತೆಗೆದು ನೋಡಿ. ಮೇಡಂ ಪಾಲಿನಲ್ಲಿ ಉಳಿದಿದ್ದ ಚೂರನ್ನು ಪರೀಕ್ಷೆಗೆ ಕಳಿಸಿದ್ದೆ.

ಮಧ್ಯಾಹ್ನ ಊಟ ಸೇರದೆ ಸರ್ವೀಸ್ ರಸ್ತೆಯಲ್ಲಿ ಸುಮ್ಮನೆ ಅಡ್ಡಾಡುತ್ತಿದ್ದಾಗ ವರದಿ ಫೋನಿಗೆ ಬಂತು. ಹಳೇ ಜಾತಿ. ಮೇಡಂ ಕಣ್ಣು ಮೊದಲೇ ಹೇಳಿದ್ದು.

ಆಗ ಹೊಳೆಯಿತು. ಒಂದೇ ವಠಾರದಲ್ಲಿ ಎರಡು ಸಂಸಾರ ಇರುವ ಹಾಗೆ ಆ ತುಂಡಿನೊಳಗೆ ಎರಡು ಸ್ಪಂಜುಗಳಿದ್ದವು. ನಾವು ಕತ್ತರಿಸಿದ್ದು ಸರಿಯಾಗಿ ಅವೆರಡರ ನಡುವೆ. ಅವರ ಪಾಲಿಗೆ ಹಳೆಯದು ಹೋಯಿತು, ನನ್ನ ಪಾಲಿಗೆ ಇನ್ನೊಂದು ಬಂತು. ಕಾಲುಗಳು ತಾವಾಗಿಯೇ ಮೇಡಂ ಮನೆಯಿರುವ ಕೆಂಪಾಪುರದ ಕಡೆ ನಡೆದವು. ಮೇಡಂ ರಜೆಯಲ್ಲಿ ಮನೆಯಲ್ಲೇ ಇದ್ದರು.

ಬಾಗಿಲು ತೆಗೆದವರು ಅವರ ಯಜಮಾನರು, ಉಪೇಂದ್ರ ಸಾರ್. "ಬಾಮ್ಮ. ಈಗ ಇವಳನ್ನ ನಾನು ಸ್ಪಂಜು ಅಂತ್ಲೇ ಕರೆಯೋದು," ಎಂದು ನಗುತ್ತ ಕಾಫಿ ಮಾಡಲು ಒಳಗೆ ಹೋದರು. ನನಗೆ ಅಳು ಬಂತು.

ಮೇಡಂಗೆ ಎಲ್ಲ ಹೇಳಿದೆ. ಅವರು ತಟ್ಟನೆ ನೆಟ್ಟಗೆ ಕೂತರು.

"ಹಂಗಾದ್ರೆ ಹೊಸ ಜಾತಿ ಇರೋದು ನಿಜಾನೇ. ನಿನ್ನ ಪಾಲಲ್ಲಿತ್ತಲ್ಲ, ಅದೇ. ಅದರ ಸೂಜಿ ನೋಡ್ಬೇಕು ಕಣೇ. ಚೂರಾದ್ರೂ ಉಳಿದಿದ್ಯಾ?"

ಕೈಯಲ್ಲಿ ಜೀವಿಯೇ ಇಲ್ಲದೆ ಹೆಸರಿಡುವಂತಿಲ್ಲ ಎಂಬುದು ಅವರೇ ನನಗೆ ಕಲಿಸಿದ ಪಾಠ.

"ಇಲ್ಲ ಮೇಡಂ. ಪೂರ್ತಿ ಅರೆದ್ಬಿಟ್ಟೆ."

ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸತೊಡಗಿದರು. ಎಷ್ಟು ಹೊತ್ತಾದರೂ ಹಾಕಿಕೊಳ್ಳಲಿಲ್ಲ.

"ಹೆಸರು ಹೋದ್ರೆ ಹೋಗ್ಲಿ ಹರಿಪ್ರಿಯಾ. ಇಷ್ಟು ವರ್ಷ ನಂಬಿದ್ದ ಕಣ್ಣನ್ನ, ಒಂದು ಹೆಸರಿನ ಆಸೆಗೆ ಸುಳ್ಳು ಅಂದ್ಬಿಟ್ನಲ್ಲ."

ಒಳಗಿನಿಂದ ಉಪೇಂದ್ರ ಸಾರ್ ಕೂಗಿದರು. "ಸ್ಪಂಜು, ಆ ಹುಡುಗಿ ಕಾಫಿಗೆ ಸಕ್ಕರೆ ಎಷ್ಟು ಹಾಕ್ಲಿ?"