ಎರಡೂವರೆ ಗಂಟೆ ಹಿಡ್ಕೊಂಡಿರು

“ಮೇಷ್ಟ್ರಮ್ಮ ಆಗ್ತಾಳಂತೆ ಇವ್ಳು! ನೀ ಪಾಟ ಮಾಡಕ್ಕೋದ್ರೆ ಈ ಸೊಪ್ಪ ನಿಮ್ಮಪ್ಪ ಬಂದು ಕಟ್ತಾನೇನೇ, ಬೇವರ್ಸಿ?”

ಗೌಡರು ನನ್ನ ಪಕ್ಕದಲ್ಲಿದ್ದ ನೀರಿನ ತಂಬಿಗೆಯನ್ನು ಒದ್ದರು. ಹೊಗೆಸೊಪ್ಪಿನ ರಾಶಿಯನ್ನು ಒದೆಯಲಿಲ್ಲ. ಎಲೆ ಹರಿದರೆ ಹರಾಜಿನಲ್ಲಿ ಗ್ರೇಡ್ ಹೋಗುತ್ತದಲ್ಲ, ಸಿಟ್ಟಿನಲ್ಲೂ ಅಷ್ಟು ಎಚ್ಚರ. ಇನ್ನು ನಮ್ಮಪ್ಪ ಮಂಚಯ್ಯ ಅದೇ ಹೊತ್ತಿನಲ್ಲಿ ಸೊಪ್ಪು ಒಣಗಿಸುವ ಅವರದೇ ಬ್ಯಾರನ್ನಿನ ಒಲೆಗೆ ಸೌದೆ ನೂಕುತ್ತಿದ್ದ. ನಾನು ಕೇಳಿದ್ದು ಒಂದು ಭಾನುವಾರದ ರಜೆ.

“ನನ್ ಟಿಇಟಿ ಪರೀಕ್ಷೆ ಐತೆ ಗೌಡ್ರೇ. ಹಾಲ್ ಟಿಕೆಟ್ ಬಂದೈತೆ.”

“ನಮ್ ಸೊಸೆ ಪ್ರಿಯಂಗೂ ಬಂದೈತೆ. ಮೈಸೂರಿಗೆ ತಾನೆ ನೀ ಓಗ್ಬೇಕಾಗಿರೋದು? ಕಾರಲ್ಲೇ ಕರ್ಕೊಂಡೋಯ್ತೀನಿ ಬಾ. ಅವ್ಳು ಒಳಗೆ ಬರೀಲಿ, ನೀ ಈಚೆ ಅವ್ಳ ಮಗ ಹಿಡ್ಕೊಂಡಿರು. ಎರಡೂವರೆ ಗಂಟೆ.”

“ನಂದೂ ಅದೇ ಟೈಮು...”

“ಮುಂದಿನ್ ವರ್ಸ ಬರ್ಕೊ. ಪರೀಕ್ಷೆ ಏನ್ ಸತ್ತೋಯ್ತದಾ?”

ಸೊಪ್ಪು ಕಟ್ಟುತ್ತಿದ್ದ ಹೆಂಗಸರೆಲ್ಲ ತಲೆ ತಗ್ಗಿಸಿದರು. ಅವ್ವ ಮಾತ್ರ ಎಲೆ ಕಟ್ಟುವ ಕಡ್ಡಿ ಕೆಳಗಿಟ್ಟು ಅವರನ್ನೇ ನೋಡಿದಳು. ಗೌಡರು ಅದನ್ನು ನೋಡದವರಂತೆ ಪಂಚೆ ಎತ್ತಿ ಕಟ್ಟಿ ನಡೆದರು.

ನಾನು ಡಿ.ಎಡ್. ಮುಗಿಸಿ ನಾಲ್ಕು ವರ್ಷ. ಈ ಟಿಇಟಿ ಪಾಸಾಗದಿದ್ದರೆ ಮೇಷ್ಟರ ಕೆಲಸಕ್ಕೆ ಅರ್ಜಿ ಹಾಕುವಂತೆಯೇ ಇಲ್ಲ. ಹೋದ ಸಲ ಮೂರು ಅಂಕ ಕಡಿಮೆ ಬಂದು ಕೂತು ಅತ್ತಿದ್ದೆ. ಈ ವರ್ಷ ನೇಮಕಾತಿ ಕರೆಯುತ್ತಾರಂತೆ. ಮತ್ತೆ ಯಾವಾಗ ಕರೆಯುತ್ತಾರೋ, ಅದು ದೇವರಿಗೂ ಗೊತ್ತಿಲ್ಲ.

ಈ ಸಲ ನನಗೆ ಕೋಚಿಂಗ್ ಕೂಡ ಸಿಕ್ಕಿತ್ತು. ಕೊಟ್ಟವರು ಗೌಡರೇ, ಅವರಿಗೆ ಅದು ತಿಳಿದಿರಲಿಲ್ಲ ಅಷ್ಟೆ. ಸೊಸೆ ಪ್ರಿಯಾ ಮೊಬೈಲಿನಲ್ಲಿ ಮೈಸೂರಿನ ಮೇಷ್ಟರ ಪಾಠ ಕೇಳುವಾಗ ಮಗು ಅಳಬಾರದೆಂದು ಮೂರು ತಿಂಗಳಿಂದ ದಿನಾ ಮಧ್ಯಾಹ್ನ ನನ್ನನ್ನು ಸೊಪ್ಪಿನ ಕೊಟ್ಟಿಗೆಯಿಂದ ಕರೆಸುತ್ತಿದ್ದರು. ಕಿಟಕಿಯ ಒಳಗೆ ಪ್ರಿಯಾ, ಹೊರಗೆ ಜಗಲಿಯಲ್ಲಿ ಮಗು ಎತ್ತಿಕೊಂಡು ನಾನು. ಶಿಶು ವಿಕಸನ, ಬೋಧನಾಶಾಸ್ತ್ರ, ಪರಿಸರ ಅಧ್ಯಯನ, ಒಂದನ್ನೂ ಬಿಡಲಿಲ್ಲ. ಎಷ್ಟೋ ಸಲ ಪ್ರಿಯಾ ಒಳಗೆ ತೂಕಡಿಸುತ್ತಿದ್ದಳು. ನಾನು ನಿಂತೇ ಇರುತ್ತಿದ್ದೆ.

ಪಾಠ ಮುಗಿದ ಮೇಲೆ ಮಗುವನ್ನು ಯಾರೂ ನನ್ನ ಕೈಯಿಂದ ನೇರವಾಗಿ ತೆಗೆದುಕೊಳ್ಳುತ್ತಿರಲಿಲ್ಲ. ಜಗಲಿಯಲ್ಲೊಂದು ಚಾಪೆ ಇತ್ತು. ಅದರ ಮೇಲೆ ಮಲಗಿಸಿ ನಾನು ಮೂರು ಹೆಜ್ಜೆ ಹಿಂದೆ ಸರಿಯಬೇಕು. ಆಮೇಲೆ ಗೌಡತಿ ಬಂದು ಮಗುವಿನ ಮೇಲೆ ನೀರು ಚಿಮುಕಿಸಿ, ಅಂಗಿ ಬಿಚ್ಚಿ ಮೂಲೆಗೆಸೆದು, ಎತ್ತಿಕೊಳ್ಳುತ್ತಿದ್ದರು. ಮಗು ನನ್ನ ಕಡೆಗೆ ಕೈ ಚಾಚಿ ಕಿರುಚುತ್ತಿತ್ತು. ಆ ಮನೆಯಲ್ಲಿ ನನ್ನನ್ನು ಮನುಷ್ಯಳೆಂದು ತಿಳಿದಿದ್ದದ್ದು ಆ ಎಂಟು ತಿಂಗಳ ಕೂಸು ಒಂದೇ.

ಕೊಟ್ಟಿಗೆಗೆ ಮರಳಿ ಕಡ್ಡಿಗೆ ಎಲೆ ಕಟ್ಟುತ್ತ ಕೇಳಿದ್ದನ್ನೆಲ್ಲ ಗಟ್ಟಿಯಾಗಿ ಒಪ್ಪಿಸುತ್ತಿದ್ದೆ. ಅಕ್ಷರ ತಿಳಿಯದ ಅವ್ವನಿಗೆ ನನಗಿಂತ ಮೊದಲು ಬಾಯಿಪಾಠವಾಗುತ್ತಿತ್ತು. “ಆ ಫಾರಿನ್ ದೊರೆ ಮಕ್ಳ ಬುದ್ದಿ ಬೆಳೆಯಕ್ಕೆ ನಾಕು ಮೆಟ್ಲು ಅಂತ ಅಂದವ್ನೆ ಕಣಮ್ಮಿ, ನೀ ಮೂರೇ ಯೇಳ್ದೆ,” ಎಂದು ಗದರುತ್ತಿದ್ದಳು. ಎಂಟು ತಿಂಗಳಾದ ಮಗು, ಬಟ್ಟೆಯಡಿ ಬಚ್ಚಿಟ್ಟ ಗಿಲಕಿಯನ್ನು ಹುಡುಕಲು ಶುರು ಮಾಡುತ್ತದೆ, ಕಣ್ಣಿಂದ ಮರೆಯಾದದ್ದು ಇಲ್ಲವಾಗಿಲ್ಲ ಎಂದು ಅದಕ್ಕೆ ತಿಳಿಯುತ್ತದೆ ಎಂದಾಗ ಅವ್ವ ನಕ್ಕಳು. “ಇದ್ಕೆ ದೊರೆ ಬೇಕಾಗಿತ್ತಾ? ನಿನ್ನ ಬುಟ್ಟು ಸೊಪ್ಪು ಮುರಿಯಕ್ಕೋದಾಗ ನೀನೂ ಅಂಗೇ ಹುಡುಕ್ತಿದ್ದೆ.”

ಆ ಸಂಜೆ ಅಪ್ಪ ಒಲೆಯ ಬೂದಿ ಮೆತ್ತಿಕೊಂಡೇ ಬಂದು ಹೊಸ್ತಿಲಲ್ಲಿ ಕೂತ.

“ಬುಡು ಮಗ, ಈ ಸಲ ಬುಟ್ಬುಡು. ಈ ಮನೆ ಅವ್ರ ಜಾಗ್ದಲ್ಲೈತೆ. ಈಚೆಗ್ ನಡೀರಿ ಅಂದ್ರೆ ಎಲ್ಲಿಗೋಗನ?”

“ನೀ ಇಪ್ಪತ್ ವರ್ಸದಿಂದ ಬುಟ್ಕೊಂಡೇ ಬಂದಿದ್ದೀಯ,” ಎಂದಳು ಅವ್ವ. “ಏನ್ ಸಿಕ್ತು? ಬಾಯಿ ತುಂಬ ಅವ್ರನ್ನ ಬುದ್ದಿ ಬುದ್ದಿ ಅಂತ ಕರ್ದಿದ್ದೊಂದೇ.”

ಸೊಪ್ಪಿನ ಅಂಟು ಹಿಡಿದು ಕಪ್ಪಾದ ನನ್ನ ಬೆರಳುಗಳನ್ನು ಅವ್ವ ಹುಣಸೆಹಣ್ಣು ಹಾಕಿ ತಿಕ್ಕಿದಳು. ಚರ್ಮ ಕೆಂಪಾಯಿತೇ ಹೊರತು ಕಪ್ಪು ಹೋಗಲಿಲ್ಲ. ಹಾಲ್ ಟಿಕೆಟ್ಟನ್ನೂ ಆಧಾರ್ ಕಾರ್ಡನ್ನೂ ಪ್ಲಾಸ್ಟಿಕ್ ಕವರಿಗೆ ಹಾಕಿ ನನ್ನ ಕೈಗಿತ್ತು, “ಮಗ ಎತ್ಕೊಂಡೇ ಓಗು. ಗೇಟ್ ತವ್ಕೆ ಓದ್ಮೇಲೆ ನಿಂಗೆ ಬುದ್ದಿ ಐತೆ,” ಎಂದಳು.

ಭಾನುವಾರ ಬೆಳಗ್ಗೆ ಕಾರಿನ ಹಿಂದಿನ ಸೀಟಿನ ಮೂಲೆಗೆ ಹಳೆಯ ಟವೆಲ್ ಹಾಸಿದ್ದರು. ನಾನು ಕೂರಬೇಕಾದದ್ದು ಅದರ ಮೇಲೆ. ಗೌಡತಿಗೆ ಕಾರು ಹತ್ತಿದರೆ ವಾಂತಿ, ಪ್ರಿಯಾಳ ಗಂಡನಿಗೆ ಮಗು ಎತ್ತಿ ಅಭ್ಯಾಸವಿಲ್ಲ. ಹಾಗಾಗಿ ಗೌಡರೇ ಬಿಳಿ ಅಂಗಿ ತೊಟ್ಟು ಕಾರು ಓಡಿಸಿದರು. ಹುಣಸೂರು ದಾಟುವಾಗ ಪ್ರಿಯಾ ಪುಸ್ತಕದಿಂದ ತಲೆಯೆತ್ತಿ, “ಪವಿತ್ರಾ, ನಿರಂತರ ಮೌಲ್ಯಮಾಪನ ಅಂದ್ರೆ ಏನೇ?” ಎಂದು ಕೇಳಿದಳು. ಹೇಳಿದೆ. ಬರೆದುಕೊಂಡಳು. ಗೌಡರು ಕನ್ನಡಿಯಲ್ಲಿ ನನ್ನನ್ನು ನೋಡಿ, “ಎಲ್ಲಾ ತಿಳ್ಕೊಬುಟ್ಟವ್ಳೆ ಲೌಡಿ,” ಎಂದು ನಕ್ಕರು.

ನನ್ನ ಪರೀಕ್ಷೆಯೂ ಅಲ್ಲೇ ಎಂದು ಪ್ರಿಯಾಳಿಗೆ ಗೊತ್ತಿತ್ತು. ಅವಳ ಅರ್ಜಿ ತುಂಬಿದವಳು ನಾನೇ. ಅದರ ಬೆನ್ನಿಗೇ, ಅದೇ ಮೊಬೈಲಿನಲ್ಲಿ, ಅವಳೆದುರೇ ನನ್ನದನ್ನೂ ತುಂಬಿದ್ದೆ. ಇಬ್ಬರಿಗೂ ಒಂದೇ ಶಾಲೆ, ಹಿಂದೆಮುಂದಿನ ನಂಬರು. ಮಾವನಿಗೆ ಒಂದು ಮಾತು ಹೇಳುತ್ತಾಳೆಂದು ದಾರಿಯುದ್ದಕ್ಕೂ ಕಾದೆ. ಅವಳು ಪುಟ ತಿರುಗಿಸುತ್ತಲೇ ಇದ್ದಳು.

ಒಂಬತ್ತೂಕಾಲಿಗೆ ಶಾಲೆಯ ಗೇಟಿನ ಮುಂದೆ ಇಳಿದೆವು. ಒಳಗೆ ಒಡವೆ ಬಿಡುವುದಿಲ್ಲವೆಂದು ಪ್ರಿಯಾ ಓಲೆ ಬಿಚ್ಚಿ ಮಾವನ ಕೈಗಿಟ್ಟಳು. ಮಗುವಿನ ಕಾಲು ಮುಟ್ಟಿ, “ಅಳಿಸ್ಬೇಡ ಕಣೆ,” ಎಂದು ನನ್ನ ಮುಖ ನೋಡದೆ ಒಳಗೆ ಹೋದಳು.

ಗೇಟಿನ ಪೊಲೀಸ್ ಕೂಗಿದ. “ಇನ್ನೈದು ನಿಮಿಷ! ಬರೋರು ಬೇಗ ಬನ್ರೀ!”

ಮಗು ನನ್ನ ಕತ್ತು ತಬ್ಬಿಕೊಂಡಿತ್ತು. ಅಪ್ಪನ ಬೂದಿ ಮೆತ್ತಿದ ಮುಖ ಕಣ್ಣೆದುರು ಬಂತು. ಇನ್ನೊಂದು ನಿಮಿಷ ನಿಂತಿದ್ದರೆ ಅಲ್ಲೇ ನಿಂತುಬಿಡುತ್ತಿದ್ದೆ.

“ಗೌಡ್ರೇ, ಮಗ ಹಿಡ್ಕಳಿ.”

“ಏನೇ?”

“ನಂಗೂ ಒಳಗೆ ಪರೀಕ್ಷೆ ಐತೆ. ನಿಮ್ ಮನೆ ಮಗ ನೀವು ಹಿಡ್ಕಳಿ.”

“ಲೇ, ಲೇ... ಕಾರಲ್ ಮಲಗ್ಸು, ಅಲ್ ಮಲಗ್ಸು ಮೊದ್ಲು!” ಎಂದು ಹಿಂದೆ ಸರಿದರು. ಅಲ್ಲಿ ಚಾಪೆ ಇರಲಿಲ್ಲ. ನಾನೇ ಮುಂದೆ ಹೋಗಿ ಅವರ ಬಿಳಿ ಅಂಗಿಯ ಎದೆಗೆ ಮಗುವನ್ನು ಒತ್ತಿದೆ. ಅವರ ಕೈಗಳು ತಾವಾಗಿಯೇ ಮೇಲೆ ಬಂದವು. ನನ್ನ ಕಪ್ಪು ಬೆರಳುಗಳು ಅವುಗಳಡಿ ಸಿಕ್ಕಿಕೊಂಡವು, ಎಳೆದು ಬಿಡಿಸಿಕೊಂಡೆ.

“ಮನೆಗ್ ಬಾರೇ ಮುಂಡೆ! ನಿಮ್ಮಪ್ಪನ್ನ ಇವತ್ತೇ...”

ಉಳಿದದ್ದನ್ನು ಕೇಳಲು ನಾನು ಗೇಟಿನ ಹೊರಗಿರಲಿಲ್ಲ.

ಕೊಠಡಿಯಲ್ಲಿ ನನ್ನ ಬೆಂಚು ಪ್ರಿಯಾಳ ಹಿಂದೆಯೇ. ಕಿಟಕಿಯಿಂದ ಗೇಟು ಕಾಣುತ್ತಿತ್ತು. ಗೌಡರು ಮಗುವನ್ನು ಕಾರಿನ ಬಾನೆಟ್ಟಿನ ಮೇಲೆ ಕೂರಿಸಿ ಒಂದು ಕೈಯಲ್ಲಿ ಮೈಯಿಂದ ದೂರ ಹಿಡಿದು, ಇನ್ನೊಂದು ಕೈಯಲ್ಲಿ ಫೋನ್ ಕಿವಿಗಿಟ್ಟುಕೊಂಡಿದ್ದರು. ಅಪ್ಪನನ್ನು ಮನೆ ಬಿಡಿಸಲು ಊರಿಗೆ ಎಂದು ಯಾರೂ ನನಗೆ ಹೇಳಬೇಕಾಗಿರಲಿಲ್ಲ. ಮಗು ಗೇಟಿನ ಕಡೆ ಕತ್ತು ಹೊರಳಿಸಿ ಹೊರಳಿಸಿ ಅಳುತ್ತಿತ್ತು. ನನ್ನನ್ನೇ ಹುಡುಕುತ್ತಿತ್ತು. ಎಂಟು ತಿಂಗಳು ತುಂಬಿದೆ, ಹುಡುಕುತ್ತದೆ.

ಉತ್ತರ ಹಾಳೆ ಕೊಟ್ಟರು. ಹಿಡಿದ ಕಡೆ ನನ್ನ ಹೆಬ್ಬೆರಳಿನ ಕಪ್ಪು ಗುರುತು ಬಿತ್ತು.

ಅಳು ಜೋರಾಯಿತು. ಮೇಲ್ವಿಚಾರಕರು ಕಿಟಕಿಯಿಂದ ಬಗ್ಗಿ ನೋಡಿ, “ಹೊರಗಡೆ ಅಳ್ತಿರೋ ಮಗು ಯಾರದ್ದಮ್ಮ? ಬೇಕಾದ್ರೆ ಹೋಗಿ ಸಮಾಧಾನ ಮಾಡ್ಬಿಟ್ಟು ಬನ್ನಿ. ಟೈಮ್ ಮಾತ್ರ ಜಾಸ್ತಿ ಕೊಡಲ್ಲ,” ಎಂದರು.

ಪ್ರಿಯಾ ಕಿಟಕಿಯ ಕಡೆ ನೋಡಲಿಲ್ಲ. ಹಿಂದಕ್ಕೆ ತಿರುಗಿ ನನ್ನನ್ನು ನೋಡಿದಳು. ನಾನು ಎದ್ದು ಹೋಗಲಿ ಎಂದು ಕಾಯುತ್ತಿದ್ದಳು. ಅವಳು ನೋಡಿದ್ದರಿಂದ ಕೊಠಡಿಯೇ ನನ್ನ ಕಡೆ ತಿರುಗಿತು.

“ನಿಮ್ಮದೇನಮ್ಮ?” ಎಂದು ಮೇಲ್ವಿಚಾರಕರು ಕೇಳಿದರು.

ಎದೆ ಒಡೆಯುವ ಹಾಗೆ ಅಳುತ್ತಿತ್ತು ಕೂಸು.

“ನನ್ನದಲ್ಲ ಸಾರ್,” ಎಂದು ಮೊದಲನೆಯ ವೃತ್ತವನ್ನು ತುಂಬತೊಡಗಿದೆ.